ಕಾಕಾನ ಜೊತೆ ತೋಪು ನೋಡುತ್ತಾ: ಕಲಬುರಗಿ, ಬೀದರ್, ಸುರಪುರ

ಶುಕ್ರವಾರ, ಕಲಬುರಗಿ

ತೋಪು ನೋಡಬೇಕಂದ್ರೆ ತೋಪು ಹೊಡೆದವರ ಜೊತೆ ಹೋಗಬೇಕು. ನಮ್ಮ ಕಾಕಾ ಸೈನ್ಯದ ತೋಪಖಾನೆಯಲ್ಲಿ ಹವಾಲ್ದಾರ್ ಆಗಿದ್ದವರು. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿದ್ದರು, ಬೋಫೋರ್ಸ್ ತೋಪಿನ ಮೇಲೆ. ಈಗ ಕಮಲಾಪುರದ ಹತ್ತಿರ ತೊಗರಿ ಬೆಳೆಯುತ್ತಾರೆ. ನಾನು ಬೆಂಗಳೂರಿನಿಂದ ರಾತ್ರಿ ರೈಲು ಹಿಡಿದು ಬಂದಾಗ ಸ್ಟೇಷನ್ನಿನಲ್ಲೇ ನಿಂತಿದ್ದರು. ಮೊದಲು ಸುಸಲಾ, ಮಿರ್ಚಿ ಭಜಿ. ಆಮೇಲೆ ಆಟೋ.

"ತೋಪು ನೋಡ್ಲಿಕ್ಕ ಹೊಂಟೀರೇನ್ರಿ? ಜಗತ್ತಿನ್ಯಾಗ ಅಷ್ಟು ಉದ್ದಂದು ಎಲ್ಲೂ ಇಲ್ರಿ" ಅಂದ ಆಟೋದವನು. ಊರಿನ ಹೆಮ್ಮೆ ಅದು. ಅಳತೆ ಪಟ್ಟಿ ಹಿಡಿದು ವಾದ ಮಾಡುವ ಮನಸ್ಸು ನಮಗೂ ಇರಲಿಲ್ಲ.

ಅಲ್ಲಾವುದ್ದೀನ್ ಹಸನ್ ಬಹಮನ್ ಷಾ 1347ರಲ್ಲಿ ಬಹಮನಿ ರಾಜ್ಯ ಕಟ್ಟಿದಾಗ ರಾಜಧಾನಿಯಾದ ಊರು ಇದು. ಕೋಟೆಯ ಒಳಗಿನ ಜಾಮಿ ಮಸೀದಿ 1367ರದ್ದು. ಮೇಲೆಲ್ಲ ಸೂರು, ನಡುವೆ ಅಂಗಳವೇ ಇಲ್ಲ. ಸಾಲು ಸಾಲು ಕಮಾನುಗಳ ಕೆಳಗೆ ನಿಂತರೆ ತಂಪು. ಹೊರಗೆ ಅಗಲವಾದ ಕಂದಕ, ಅದರಲ್ಲಿ ಊರಿನ ಕಸ. ಅದರ ಬಗ್ಗೆ ಬರೆಯಲು ಹೊರಟರೆ ಬೇರೆಯೇ ಲೇಖನ ಆಗುತ್ತದೆ, ಬಿಡಿ.

ಬಾರಾ ಗಜಿ ತೋಪು ಬಯಲಿನಲ್ಲೇ ಇದೆ, ಬಿಸಿಲಿಗೆ ಮೈಯೊಡ್ಡಿಕೊಂಡು. ಉದ್ದ ಸುಮಾರು 29 ಅಡಿ. ಬಂದವರೆಲ್ಲ ಅದರ ಪಕ್ಕ ನಿಂತು ಸೆಲ್ಫಿ ತೆಗೆಯುತ್ತಾರೆ, ಹುಡುಗರು ಮೇಲೆ ಹತ್ತುತ್ತಾರೆ. ಕಾಕಾ ಮಾತ್ರ ಸೀದಾ ಬಾಯಿ ಕಡೆ ಹೋಗಿ ಬಗ್ಗಿ ಒಳಗೆ ನೋಡಿದರು. ಆಮೇಲೆ ಹಿಂದಿನ ತುದಿಗೆ ನಡೆದು ಬಂದು, ಮತ್ತೆ ಮುಂದಕ್ಕೆ ಹೋದರು.

"ತಮ್ಮಾ, ಇದನ್ನ ತುಂಬವ್ರು ಎಲ್ಲಿ ನಿಂದರಬೇಕು?"

ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಅದು. ಇಂಥ ತೋಪಿಗೆ ಮದ್ದು, ಗುಂಡು ಎರಡನ್ನೂ ಬಾಯಿಯಿಂದಲೇ ತುಂಬಬೇಕು. 29 ಅಡಿ ಕೊಳವೆಗೆ ಅದಕ್ಕಿಂತ ಉದ್ದದ ಗಜಕೋಲು ಬೇಕು. ತೋಪಿನ ಬಾಯಿ ಇರುವುದು ಶತ್ರುವಿನ ಕಡೆ. ಅಂದರೆ ತುಂಬುವ ಆಳುಗಳು ಶತ್ರುವಿನ ಎದುರಿಗೆ ಬಂದು ನಿಲ್ಲಬೇಕು, ಇಲ್ಲವೇ ಇಡೀ ತೋಪನ್ನು ಒಳಮುಖವಾಗಿ ತಿರುಗಿಸಬೇಕು. ಒಂದು ಸಲ ಹೊಡೆದ ಮೇಲೆ ಒಳಗೆ ಕಿಡಿ ಉಳಿದಿರುತ್ತದೆ. ಒದ್ದೆ ಬಟ್ಟೆ ಸುತ್ತಿದ ಕೋಲಿನಿಂದ ಅದನ್ನು ಆರಿಸದೆ ಹೊಸ ಮದ್ದು ಹಾಕಿದರೆ ತುಂಬುವವನೇ ಹೋಗುತ್ತಾನೆ. ಆ ಕಾಲದ ತೋಪಿನ ವೇಗ ಅಷ್ಟೇ. ಗುಂಡು ಹೊಡೆಯುವುದಕ್ಕಿಂತ ಮತ್ತೆ ತುಂಬುವುದಕ್ಕೇ ಹೊತ್ತು ಜಾಸ್ತಿ.

ಬೋಫೋರ್ಸ್ ಕೊಳವೆ ಇದಕ್ಕಿಂತ ಗಿಡ್ಡ ಅಂದರೆ ಆಶ್ಚರ್ಯ ಆಗುತ್ತದೆ, ಅಲ್ವಾ? ಅದರ ಬಾಯಿ 155 ಮಿ.ಮೀ. ಅಗಲ, ಉದ್ದ ಅದರ 39 ಪಟ್ಟು. ಲೆಕ್ಕ ಹಾಕಿದರೆ ಇಪ್ಪತ್ತು ಅಡಿಯೊಳಗೆ. ಆದರೆ ಸುಮಾರು 43 ಕಿಲೋ ತೂಕದ ಶೆಲ್ಲನ್ನು 24 ಕಿ.ಮೀ. ದೂರಕ್ಕೆ ಎಸೆಯುತ್ತದೆ. ಈ ಕೋಟೆಯಿಂದ ಹೊಡೆದರೆ ಶಹಾಬಾದ್ ಆಸುಪಾಸು. ಬೇಕಾದಾಗ ಹದಿನೈದು ಸೆಕೆಂಡಿನೊಳಗೆ ಮೂರು ಶೆಲ್. ತನ್ನದೇ ಇಂಜಿನ್ ಇರುವುದರಿಂದ ಸ್ವಲ್ಪ ದೂರ ತಾನೇ ಉರುಳಿಕೊಂಡು ಜಾಗವನ್ನೂ ಬದಲಿಸುತ್ತದೆ.

ಈ ವ್ಯತ್ಯಾಸ ಒಂದೇ ಸಲಕ್ಕೆ ಬಂದದ್ದಲ್ಲ. ಹಿಂದಿನಿಂದ ಶೆಲ್ ತುಂಬುವ ತೋಪು ಬಂತು. ಕೊಳವೆಯೊಳಗೆ ಸುರುಳಿ ಗೀರು ಬಂದು ಶೆಲ್ ತಿರುಗುತ್ತಾ ಹೋಗತೊಡಗಿತು, ಗುರಿ ನೆಟ್ಟಗಾಯಿತು. 1884ರಲ್ಲಿ ಫ್ರಾನ್ಸಿನಲ್ಲಿ ಹೊಗೆ ಬಾರದ ಮದ್ದು ತಯಾರಾಯಿತು. ಕಾಕಾನ ಪ್ರಕಾರ ಇವೆಲ್ಲಕ್ಕಿಂತ ದೊಡ್ಡದು 1897ರ ಫ್ರೆಂಚ್ 75 ಮಿ.ಮೀ. ತೋಪು. ಅದಕ್ಕೆ ಮೊದಲು ತೋಪು ಹೊಡೆದಾಗಲೆಲ್ಲ ಇಡೀ ಗಾಡಿಯೇ ಹಿಂದಕ್ಕೆ ಜಿಗಿಯುತ್ತಿತ್ತು. ಮತ್ತೆ ತಳ್ಳಿಕೊಂಡು ಬಂದು, ಮತ್ತೆ ಗುರಿ ನೋಡಬೇಕು. 1897ರ ತೋಪಿನಲ್ಲಿ ಕೊಳವೆ ಮಾತ್ರ ಹಿಂದೆ ಸರಿದು, ಎಣ್ಣೆ ಮತ್ತು ಗಾಳಿಯ ಒತ್ತಡದಿಂದ ತಾನಾಗಿ ಮುಂದಕ್ಕೆ ಬರುತ್ತಿತ್ತು. ಗಾಡಿ ಅಲ್ಲಾಡುತ್ತಿರಲಿಲ್ಲ. ನಿಮಿಷಕ್ಕೆ ಹದಿನೈದು ಗುಂಡು ಸಾಧ್ಯವಾದದ್ದು ಹಾಗೆ. "ಗುರಿ ಒಮ್ಮೆ ಕೂಡಿಸಿದ್ರ ಹಂಗೇ ನಿಂದರಬೇಕು ನೋಡು. ಅದೇ ತೋಪು. ಉಳಿದದ್ದು ಬರೀ ಸಪ್ಪಳ" ಅಂದರು.

ರಾತ್ರಿ ಕಾಕಾನ ಗೆಳೆಯರೊಬ್ಬರ ಮನೆಯಲ್ಲಿ ತಹರಿ ಊಟ. ಮಾತೆಲ್ಲ ತೊಗರಿ ರೇಟಿನ ಮೇಲೆ.

ಶನಿವಾರ, ಬೀದರ್

ಬೆಳಗಿನ ರೈಲಿಗೆ ಬೀದರ್. ಹುಮನಾಬಾದ್ ಮೇಲೆ ಹೋಗುವ ಈ ಹಳಿ 2017ರಲ್ಲಿ ಶುರುವಾದದ್ದು. ಅದಕ್ಕೆ ಮೊದಲು ಬಸ್ಸೇ ಗತಿ.

ಬಹಮನಿ ಸುಲ್ತಾನ ಅಹ್ಮದ್ ಷಾ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. 1430ರ ಆಸುಪಾಸಿನಲ್ಲಿ ಕೋಟೆ ಎದ್ದಿತು. ಕೆಂಪು ಜಂಬಿಟ್ಟಿಗೆ ಕಲ್ಲಿನ ನೆಲ. ಕಂದಕವನ್ನು ಆ ಕಲ್ಲಿನಲ್ಲೇ ಕೊರೆದಿದ್ದಾರೆ, ಅದೂ ಒಂದಲ್ಲ, ಮೂರು. ನಡುನಡುವೆ ಕಲ್ಲನ್ನು ಗೋಡೆಯಂತೆ ಹಾಗೇ ಬಿಟ್ಟಿದ್ದಾರೆ. ಕೋಟೆ ಮುತ್ತಿದವರು ಮೊದಲು ಮಾಡುತ್ತಿದ್ದ ಕೆಲಸ ಕಂದಕಕ್ಕೆ ಮಣ್ಣು, ಕಟ್ಟಿಗೆ ತುಂಬುವುದು. ಇಲ್ಲಿ ಅದನ್ನು ಮೂರು ಸಲ ಮಾಡಬೇಕು, ತಲೆ ಮೇಲೆ ಗುಂಡು ಬೀಳುತ್ತಿರುವಾಗ. ಸೇತುವೆ ಮೇಲೆ ನಿಂತು ಕೆಳಗೆ ನೋಡಿದರೆ ಉಳಿಯ ಗುರುತು ಇನ್ನೂ ಕಾಣುತ್ತದೆ.

ಕೋಟೆಯ ಗೋಡೆ ನೋಡಿದರೆ ಆಯುಧದ ಚರಿತ್ರೆ ಓದಬಹುದು. ಏಣಿ, ಬಾಣ, ಆನೆಗಳ ಕಾಲದಲ್ಲಿ ಗೋಡೆ ಎತ್ತರವಾಗಿದ್ದರೆ ಸಾಕಿತ್ತು. ತೋಪು ಬಂದ ಮೇಲೆ ಎತ್ತರದ ತೆಳು ಗೋಡೆ ಒಳ್ಳೆ ಗುರಿ ಹಲಗೆ ಆಯಿತು. ಗೋಡೆ ದಪ್ಪವಾಯಿತು, ಬುರುಜು ದುಂಡಗಾಯಿತು. ಮೇಲೆ ತೋಪಿಗೆ ಅಂತಲೇ ಕಟ್ಟೆ ಬಂತು. ನಡುವೆ ಒಂದು ಗೂಟ, ಅದರ ಮೇಲೆ ತೋಪು, ಸುತ್ತ ದುಂಡನೆ ಗೋಡೆ. ತೋಪನ್ನು ಸುತ್ತ ಯಾವ ದಿಕ್ಕಿಗಾದರೂ ತಿರುಗಿಸಬಹುದು. ಹದಿನಾರನೇ ಶತಮಾನದ ದಖನ್ನಿನ ಕುಶಲಿಗಳು ಈ ತಿರುಗುವ ತೋಪನ್ನು ಚೆನ್ನಾಗಿ ಬೆಳೆಸಿದರು. ಕೋಟೆ ಕಾಯುವವನಿಗೆ ಅದರಿಂದ ಬಲ ಬಂತು.

ಬುರುಜಿನ ಮೇಲಿನ ತೋಪನ್ನು ಹತ್ತಿರದಿಂದ ನೋಡಿದೆವು. ಎರಕ ಹೊಯ್ದದ್ದಲ್ಲ. ಉದ್ದುದ್ದ ಕಬ್ಬಿಣದ ಪಟ್ಟಿಗಳನ್ನು ಕೊಳವೆಯಾಗಿ ಜೋಡಿಸಿ, ಅದರ ಮೇಲೆ ಕಾಯಿಸಿದ ಬಳೆಗಳನ್ನು ಒಂದರ ಪಕ್ಕ ಒಂದು ಏರಿಸಿ, ಬಡಿದು ಬೆಸೆದದ್ದು. ಚಕ್ಕಡಿ ಗಾಲಿಗೆ ಕಬ್ಬಿಣದ ಪಟ್ಟಾ ಏರಿಸುತ್ತಾರಲ್ಲ, ಅದೇ ವಿದ್ಯೆ. ಬಿಸಿಯಲ್ಲಿ ಹಿಗ್ಗಿದ ಬಳೆ ತಣಿದಾಗ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಕಾಕಾ ಉಗುರಿನಿಂದ ಎರಡು ಬಳೆಗಳ ನಡುವಿನ ಸಂದು ಹುಡುಕಿದರು. ಕೆಲವು ಕಡೆ ಸಿಗಲೇ ಇಲ್ಲ, ಅಷ್ಟು ನುಣುಪು. ಇದನ್ನು ಮಾಡಿದ ಕಮ್ಮಾರರ ಹೆಸರು ಯಾವ ಬೋರ್ಡಿನಲ್ಲೂ ಇಲ್ಲ. ಸುಲ್ತಾನರ ಹೆಸರು ಮಾತ್ರ ಇದೆ.

ಆದರೆ ಬೀದರ್ ನನಗೆ ಹೇಳಿದ ನಿಜವಾದ ಕಥೆ ತೋಪಿನದಲ್ಲ, ಮದ್ದಿನದು.

1472ರಲ್ಲಿ ಮಹಮೂದ್ ಗಾವಾನ್ ಎಂಬ ಬಹಮನಿ ಪ್ರಧಾನಿ ಬೆಳಗಾವಿ ಕೋಟೆ ಮುತ್ತಿದ. ಗೋಡೆಯ ಕೆಳಗೆ ಸುರಂಗ ತೋಡಿಸಿ, ಮದ್ದು ತುಂಬಿಸಿ, ಬೆಂಕಿ ಇಡಿಸಿದ. ಗೋಡೆ ಬಿತ್ತು. ದಖನ್ನಿನಲ್ಲಿ ಇಂಥದ್ದು ಹಿಂದೆ ಯಾರೂ ಕಂಡಿರಲಿಲ್ಲ ಅಂತ ಚರಿತ್ರೆಕಾರ ಫರಿಶ್ತಾ ಬರೆದಿದ್ದಾನೆ. ಅದೇ 1472ರಲ್ಲಿ ಅದೇ ಗಾವಾನ್ ಬೀದರಿನಲ್ಲಿ ಮದರಸಾ ಕಟ್ಟಿ ಮುಗಿಸಿದ. ಮೂರು ಅಂತಸ್ತು, ಪಾಠದ ಕೋಣೆಗಳು, 3000 ಪುಸ್ತಕಗಳ ಗ್ರಂಥಾಲಯ, ಮುಂಭಾಗಕ್ಕೆಲ್ಲ ಪರ್ಷಿಯಾ ಮಾದರಿಯ ನೀಲಿ, ಹಳದಿ ಹೆಂಚು. 1481ರಲ್ಲಿ ಸುಲ್ತಾನ ಸುಳ್ಳು ಆಪಾದನೆ ನಂಬಿ ಗಾವಾನನ ತಲೆ ತೆಗೆಸಿದ. ಮುಂದೆ ಮೊಗಲರ ಕಾಲಕ್ಕೆ ಮದರಸಾ ಸೈನ್ಯದ ಪಾಲಾಯಿತು. ಓದುವ ಕೋಣೆಗಳಲ್ಲಿ ಮದ್ದು ಇಟ್ಟರು. 1696ರ ಹೊತ್ತಿಗೆ ಅದು ಸಿಡಿದು, ಕಟ್ಟಡದ ದೊಡ್ಡ ಭಾಗವೇ ಹಾರಿಹೋಯಿತು. ಈಗ ಹೋದರೆ ಒಂದೇ ಮಿನಾರು. ಇನ್ನೊಂದರ ಜಾಗ ಬೋಳು. ಉಳಿದ ಮಿನಾರಿನ ಬುಡದಲ್ಲಿ ಹೆಂಚಿನ ಚೂರು ಇನ್ನೂ ಹೊಳೆಯುತ್ತದೆ.

ಕೋಟೆಯಲ್ಲಿ ಇದಕ್ಕೂ ಮೊದಲೇ ಇಂಥದ್ದು ನಡೆದಿತ್ತು. 1619ರಿಂದ ಬೀದರ್ ಬಿಜಾಪುರದ ಆದಿಲ್ ಷಾಹಿಗಳ ಕೈಯಲ್ಲಿತ್ತು. 1657ರಲ್ಲಿ ಔರಂಗಜೇಬ್, ಆಗಿನ್ನೂ ರಾಜಕುಮಾರ, ಬಂದು ಮುತ್ತಿದ. ಕಿಲ್ಲೇದಾರ ಸಿದ್ದಿ ಮರ್ಜಾನ್, ವಯಸ್ಸಾದವನು, ಬಗ್ಗಲಿಲ್ಲ. ಮೂರು ಕಂದಕದ ಕೋಟೆ ತಿಂಗಳುಗಟ್ಟಲೆ ತಡೆಯಬೇಕಿತ್ತು. ಬುರುಜಿನ ಹಿಂದೆ ಕೂಡಿಟ್ಟ ಮದ್ದಿನ ಮೇಲೆ ಮೊಗಲರ ಕಡೆಯ ಒಂದು ಕಿಡಿ ಬಿತ್ತು. ಮರ್ಜಾನ್, ಅವನ ಇಬ್ಬರು ಮಕ್ಕಳು ಸುಟ್ಟು ಬಿದ್ದರು. ಮುತ್ತಿಗೆ 27 ದಿನಕ್ಕೆ ಮುಗಿಯಿತು.

ಕಾಕಾ ಇದನ್ನು ಕೇಳಿ ಸ್ವಲ್ಪ ಸಿಟ್ಟಾದರು, ನಾನೂರು ವರ್ಷ ಹಿಂದಿನ ಕಿಲ್ಲೇದಾರನ ಮೇಲೆ. "ಮದ್ದು ಯಾವನರೆ ತೋಪಿನ ಬಾಜೂಕ ಇಡ್ತಾನೇನು? ದೂರ ಇಡಬೇಕು, ಬ್ಯಾರೆ ಬ್ಯಾರೆ ಇಡಬೇಕು. ನಮಗ ಮೊದಲ ಪಾಠನೇ ಅದು." ಶೆಲ್ ಬೇರೆ, ಅದನ್ನು ನೂಕುವ ಮದ್ದಿನ ಚೀಲ ಬೇರೆ, ಸಿಡಿಸುವ ಫ್ಯೂಸ್ ಬೇರೆ. ಮೂರೂ ಕೂಡುವುದು ತೋಪಿನ ಹತ್ತಿರ, ಹೊಡೆಯುವ ಹೊತ್ತಿಗೆ. ಇಂಥ ನಿಯಮ ಫೋಟೋದಲ್ಲಿ ಬರುವುದಿಲ್ಲ. ಆದರೆ ಸಿಪಾಯಿಗಳು ಬದುಕುವುದು ಇದರಿಂದಲೇ.

ಮಧ್ಯಾಹ್ನ ಬಿದರಿ ಕೆಲಸದ ಒಂದು ಅಂಗಡಿಗೆ ಹೋದೆವು. ಸತು, ತಾಮ್ರ ಬೆರೆಸಿದ ಲೋಟ, ಮೇಲೆ ಬೆಳ್ಳಿ ತಂತಿಯ ಹೂ ಬಳ್ಳಿ. ಕೊನೆಗೆ ಅದನ್ನು ಕೋಟೆಯ ಹಳೆ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ನೀರಿಗೆ ಹಾಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಎಲ್ಲ ಮಣ್ಣಿಗೂ ಈ ಗುಣ ಇಲ್ಲ. ಬಿಸಿಲು, ಮಳೆ ಕಾಣದ ಜಾಗದ್ದೇ ಆಗಬೇಕು. ಕುಶಲಕರ್ಮಿ ಒಂದು ಚಿಟಿಕೆ ಮಣ್ಣನ್ನು ನಾಲಿಗೆ ಮೇಲಿಟ್ಟು ರುಚಿ ನೋಡಿ, ನಮಗೂ ಕೊಟ್ಟ. ಉಪ್ಪುಪ್ಪು, ಆಮೇಲೆ ನಾಲಿಗೆಗೆ ಚುರುಕು. ಇಂಥ ಮಣ್ಣಿನಲ್ಲಿ ಪೆಟ್ಲುಪ್ಪಿನ ಅಂಶ ಇರುತ್ತದೆ ಅಂತಾರೆ. ಕರಿ ಮದ್ದಿನಲ್ಲಿ ಮುಕ್ಕಾಲು ಪಾಲು ಅದೇ ಪೆಟ್ಲುಪ್ಪು. ಉಳಿದದ್ದು ಇದ್ದಿಲು, ಗಂಧಕ. ಹಳೆ ಗೋಡೆ, ದನದ ಕೊಟ್ಟಿಗೆಯ ಮಣ್ಣು ತೊಳೆದು, ಕಾಸಿ ಪೆಟ್ಲುಪ್ಪು ತೆಗೆಯುತ್ತಿದ್ದ ಕಾಲದಲ್ಲಿ ರಾಜರಿಗೆ ಇಂಥ ಮಣ್ಣಿನ ಮೇಲೂ ಕಣ್ಣಿತ್ತು.

ಇಷ್ಟು ಹೊತ್ತೂ ತಲೆಯ ಮೇಲೆ ಹಾಕ್ ವಿಮಾನಗಳು. ಬೀದರಿನಲ್ಲಿ ವಾಯುಪಡೆಯ ತರಬೇತಿ ಕೇಂದ್ರ ಇದೆ. ಯುದ್ಧ ವಿಮಾನ ಓಡಿಸಲು ಹೊರಟ ಹುಡುಗ, ಹುಡುಗಿಯರು ಇಲ್ಲಿ ಜೆಟ್ ಕಲಿಯುತ್ತಾರೆ. ಹಾಕ್ ಇಲ್ಲಿಗೆ ಬಂದದ್ದು 2008ರಲ್ಲಿ. ಆಕಾಶದಲ್ಲಿ ಕಸರತ್ತು ತೋರಿಸುವ ವಾಯುಪಡೆಯ ಸೂರ್ಯಕಿರಣ್ ತಂಡದ ಮನೆಯೂ ಇದೇ. ಬೀದರಿನವರು ತಲೆ ಎತ್ತಿಯೂ ನೋಡುವುದಿಲ್ಲ, ಸದ್ದು ಬಂದಾಗ ಮಾತು ನಿಲ್ಲಿಸಿ, ಹೋದ ಮೇಲೆ ಮುಂದುವರಿಸುತ್ತಾರೆ.

ಈ ಊರಿನ ಆಕಾಶಕ್ಕೆ ಇನ್ನೊಂದು ಹಳೆ ನೆನಪಿದೆ. 1948ರಲ್ಲಿ ಹೈದರಾಬಾದ್ ನಿಜಾಮ ಭಾರತಕ್ಕೆ ಸೇರಲು ಒಪ್ಪದಿದ್ದಾಗ, ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ಪೈಲಟ್ ಕರಾಚಿಯಿಂದ ರಾತ್ರಿ ಹೊತ್ತು ವಿಮಾನದಲ್ಲಿ ಬಂದೂಕು, ಮದ್ದುಗುಂಡು ತಂದು ಇಳಿಸುತ್ತಿದ್ದ. ಇಳಿಯುತ್ತಿದ್ದ ಜಾಗಗಳಲ್ಲಿ ಬೀದರ್ ಕೂಡ ಒಂದು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಟ್ಯಾಂಕುಗಳೊಂದಿಗೆ ಸೊಲ್ಲಾಪುರದ ಕಡೆಯಿಂದ ನುಗ್ಗಿತು, 17ಕ್ಕೆ ನಿಜಾಮ ಸೋಲೊಪ್ಪಿದ. ಕೋಟೆಗಳ ಹೆಸರೇ ಬರದ ಯುದ್ಧ ಅದು. ಬೀದರ್ ಕೋಟೆ ಪಕ್ಕದಲ್ಲೇ ನಿಂತು ನೋಡಿತು ಅಷ್ಟೇ.

ಕೋಟೆಯ ಬಾಗಿಲ ಹತ್ತಿರ ಚಹಾ ಕುಡಿಯುವಾಗ ಕಾಕಾ ಲೆಕ್ಕ ಹಾಕುತ್ತಿದ್ದರು. ಬಾಲ್ಯದಿಂದ ಅಭ್ಯಾಸ ಮಾಡಿದರೆ ಒಳ್ಳೆ ಬಿಲ್ಲುಗಾರ. ಕೆಲವು ವಾರ ಕಲಿಸಿದರೆ ಬಂದೂಕಿನವ. ಒಂದು ವರ್ಷದ ಆಸುಪಾಸಿನಲ್ಲಿ ತೋಪಿನವ. ಈ ಮೇಲೆ ಹಾರುವ ಹುಡುಗರಿಗೆ ವರ್ಷಗಟ್ಟಲೆ ಬೇಕು, ಕೋಟಿಗಟ್ಟಲೆ ದುಡ್ಡು ಬೇಕು. "ಕಬ್ಬಿಣ ಎಲ್ಲೆರೆ ಸಿಗ್ತದ ತಮ್ಮಾ. ಮನಷಾನ್ನ ತಯಾರ ಮಾಡ್ಲಿಕ್ಕ ಎಷ್ಟು ದಿನ ಹಿಡೀತದ, ಅದು ನೋಡು." ಚರಿತ್ರೆ ಪುಸ್ತಕಗಳು ತೋಪಿನ ಉದ್ದ ಬರೆಯುತ್ತವೆ, ಈ ಲೆಕ್ಕ ಬರೆಯುವುದು ಕಡಿಮೆ.

ಭಾನುವಾರ, ಸುರಪುರ

ಶನಿವಾರ ರಾತ್ರಿಯೇ ಕಲಬುರಗಿಗೆ ವಾಪಸ್ಸು. ಬೆಳಿಗ್ಗೆ ಬಾಡಿಗೆ ಕಾರು. ಭೀಮಾ ದಾಟಿ ಜೇವರ್ಗಿ, ಆಮೇಲೆ ಶಹಾಪುರ. ಅಲ್ಲಿನ ಬೆಟ್ಟದ ಸಾಲು ಮಲಗಿದ ಬುದ್ಧನ ಹಾಗೆ ಕಾಣುವುದನ್ನು ರಸ್ತೆಯಿಂದಲೇ ನೋಡಿದೆವು. ಯಾದಗಿರಿ ಬೆಟ್ಟದ ಕೋಟೆ ಈ ಸಲ ಬಿಟ್ಟೆವು. ಕಾಕಾನ ಮೊಣಕಾಲು ಒಪ್ಪಲಿಲ್ಲ.

ಸುರಪುರ ಬಂಡೆಗಳ ನಡುವೆ ಕಟ್ಟಿದ ಊರು. ಇಲ್ಲಿನ ನಾಯಕ ಅರಸರ ಸೈನ್ಯ ಅಂದರೆ ಬೇಡರು. ಬೇಟೆಯ ಕಣ್ಣು, ಬೆಟ್ಟದ ಕಾಲು. ಕೈಗೆ ಬತ್ತಿಯ ಬಂದೂಕು ಬಂದಾಗ ಅವರಿಗೆ ಹೊಸದಾಗಿ ಕಲಿಯಲು ಬಹಳ ಇರಲಿಲ್ಲ. ಉರಿಯುವ ಹುರಿ, ಒಂದು ಚಿಟಿಕೆ ಮದ್ದು, ನಿಧಾನದ ಉಸಿರು. ಗುರಿ ಮೊದಲೇ ಇತ್ತು.

ಊರಿಂದ ಹತ್ತಿರದ ವಾಗಣಗೇರಾ ಕೋಟೆಗೆ ಹೋದೆವು. ಇದು ಬೀದರ್ ಅಲ್ಲ. ಟಿಕೆಟ್ ಇಲ್ಲ, ಬೋರ್ಡಿಲ್ಲ, ಸೆಲ್ಫಿಯೂ ಇಲ್ಲ. ಜಾಲಿ ಮುಳ್ಳು, ಕುಸಿದ ಗೋಡೆ, ಸುತ್ತ ಬಂಡೆ. ಔರಂಗಜೇಬ್ ತನ್ನ ಜೀವನದಲ್ಲಿ ಖುದ್ದಾಗಿ ನಡೆಸಿದ ಕೊನೆಯ ಮುತ್ತಿಗೆ ಇಲ್ಲಿಯದು. 1705ರ ಫೆಬ್ರವರಿಯಲ್ಲಿ ಬಂದಾಗ ಅವನಿಗೆ 86 ವರ್ಷ. ಬೀದರನ್ನು 27 ದಿನದಲ್ಲಿ ತೆಗೆದುಕೊಂಡವನು ಇಲ್ಲಿ ಏಪ್ರಿಲ್ ಕೊನೆಯವರೆಗೂ ಸಿಕ್ಕಿಕೊಂಡ. ದೊಡ್ಡ ದೊಡ್ಡ ತೋಪುಗಳಿದ್ದವು, ಇಡೀ ಹಿಂದುಸ್ತಾನದ ಖಜಾನೆ ಇತ್ತು. ಎದುರಿಗೆ ಬಂಡೆ ಹಿಂದಿನಿಂದ ಹೊಡೆಯುವ ಪಿಡ್ಡನಾಯಕನ ಬೇಡರು. ಮೊಗಲರು ಹಿಡಿದ ಗುಡ್ಡವನ್ನೂ ಕಿತ್ತುಕೊಂಡರು. ಮರಾಠರೂ ನೆರವಿಗೆ ಬಂದರು. ಕೊನೆಗೆ ಒಂದು ರಾತ್ರಿ ನಾಯಕ ಬೆಂಕಿ ಹಚ್ಚಿ, ಜನರೊಂದಿಗೆ ಕತ್ತಲಲ್ಲಿ ಹೊರಟುಹೋದ. ಬಾದಶಹನಿಗೆ ಸಿಕ್ಕಿದ್ದು ಖಾಲಿ ಕೋಟೆ. ಅಲ್ಲಿಂದ ಹತ್ತಿರದ ದೇವಾಪುರದಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದ.

ತೋಪಿಗೆ ಗೋಡೆ ಬೇಕು. ಗೋಡೆ ಬಿಟ್ಟು ಹೋಗುವವನ ಮೇಲೆ ತೋಪು ಏನು ಮಾಡೀತು? ಕಾಕಾ ಬಂಡೆಯೊಂದರ ಹಿಂದೆ ಕೂತು ಇಳಿಜಾರಿನ ಕಡೆ ಕೈ ಚಾಚಿ ಗುರಿ ನೋಡಿದರು. "ಇಲ್ಲಿ ಒಬ್ಬ, ಅಲ್ಲಿ ಒಬ್ಬ ಕುಂತ್ರ ನೂರು ಮಂದಿ ಮ್ಯಾಲೆ ಏರಂಗಿಲ್ಲ" ಅಂದರು. ಕಾರ್ಗಿಲ್‌ನಲ್ಲಿ ಮೇಲೆ ಕೂತವರು ಬೇರೆಯವರು, ಕೆಳಗಿನಿಂದ ಹತ್ತಿದವರು ನಮ್ಮವರು. ಅದರ ಮೇಲೆ ಅವರು ಜಾಸ್ತಿ ಮಾತಾಡುವುದಿಲ್ಲ.

1858ಕ್ಕೆ ಬರುವಷ್ಟರಲ್ಲಿ ಲೆಕ್ಕ ತಿರುಗಿತ್ತು. ನಾಲ್ವಡಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದಾಗ, ಆ ಫೆಬ್ರವರಿಯ ಕಾಳಗದಲ್ಲಿ ನ್ಯೂಬೆರಿ ಎಂಬ ಬ್ರಿಟಿಷ್ ಅಧಿಕಾರಿ ಸತ್ತ. ಬೇಡರ ಧೈರ್ಯ, ಗುರಿ ಹಾಗೇ ಇತ್ತು. ಆದರೆ ಸುರುಳಿ ಗೀರಿನ ಎನ್‌ಫೀಲ್ಡ್ ಬಂದೂಕಿನ ಕಾಲ ಬಂದಿತ್ತು. ಹಳೆಯ ನುಣುಪು ಕೊಳವೆಯ ಬಂದೂಕು ನೂರು ಗಜದಾಚೆ ನಂಬಿಕೆಗೆ ಬರುತ್ತಿರಲಿಲ್ಲ, ಇದರ ಗುಂಡು ಅದರ ಹಲವು ಪಟ್ಟು ದೂರ ನೆಟ್ಟಗೆ ಹೋಗುತ್ತಿತ್ತು. ಜೊತೆಗೆ ಟೆಲಿಗ್ರಾಫ್ ತಂತಿ. ಒಂದು ಊರಿನ ಸುದ್ದಿ ಕುದುರೆಗಿಂತ ಮೊದಲು ಇನ್ನೊಂದು ಊರು ಮುಟ್ಟುತ್ತಿತ್ತು. ರಾಜ ಹೈದರಾಬಾದಿನಲ್ಲಿ ಸೆರೆ ಸಿಕ್ಕ, ಅದೇ ವರ್ಷ ಬ್ರಿಟಿಷರ ವಶದಲ್ಲಿದ್ದಾಗಲೇ ಗುಂಡೇಟಿನಿಂದ ಸತ್ತ. ಸುರಪುರದಲ್ಲಿ ಆ ಕಥೆ ಹೇಳುವವರ ದನಿ ಇವತ್ತಿಗೂ ಬಿಸಿ.

ವಾಪಸ್ ಬರುವಾಗ ರಸ್ತೆ ಬದಿಯ ತೊಗರಿ ಹೊಲದಲ್ಲಿ ಡ್ರೋನ್ ಹಾರುತ್ತಿತ್ತು. ಕಾಕಾ ಕಾರು ನಿಲ್ಲಿಸಿದರು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ, ಕೈಯಲ್ಲಿ ರಿಮೋಟ್, ಪಕ್ಕದಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್. ಕಾಯಿಕೊರಕ ಹುಳಕ್ಕೆ ಔಷಧಿ ಹೊಡೆಯುತ್ತಿದ್ದ. ಹತ್ತು ಲೀಟರ್ ಟ್ಯಾಂಕು.

"ಎಷ್ಟು ಹೊತ್ತು ಹಾರ್ತದಪ್ಪಾ?"

"ತುಂಬಿದ್ರ ಹತ್ತು ಹನ್ನೆರಡು ನಿಮಿಷ ರೀ. ಆಮ್ಯಾಲ ಬ್ಯಾಟರಿ ಬದ್ಲಿ."

"ಗಾಳಿ ಬಂದ್ರ?"

"ತಾನೇ ತಡಕೋತದ್ರಿ. ಜಿಪಿಎಸ್ ಅದ. ನಾ ಬರೇ ಹೊಲದ ಗಡಿ ತೋರಿಸೋದು."

ಕಾಕಾ ಡ್ರೋನ್ ಇಳಿದ ಮೇಲೆ ಅದರ ಕಾಲು ಎತ್ತಿ ತೂಕ ನೋಡಿದರು, ನಳಿಕೆ ಮುಟ್ಟಿದರು. ನಾವಿಬ್ಬರೂ ಯೋಚಿಸುತ್ತಿದ್ದದ್ದು ಒಂದೇ. ಉಕ್ರೇನ್‌ನಲ್ಲಿ ಇದಕ್ಕಿಂತ ಸಣ್ಣ ಡ್ರೋನ್‌ಗಳಿಗೆ ಸಿಡಿಮದ್ದು ಕಟ್ಟಿ ಟ್ಯಾಂಕುಗಳ ಮೇಲೆ ಬಿಡುತ್ತಿದ್ದಾರೆ. 2025ರ ಮೇ ತಿಂಗಳಲ್ಲಿ ಭಾರತ, ಪಾಕಿಸ್ತಾನ ಎರಡೂ ಕಡೆಯಿಂದ ಡ್ರೋನ್ ಹಾರಿದವು. ಅದಕ್ಕೆ ತಕ್ಕ ಹಾಗೆ ಸಿಗ್ನಲ್ ಕೆಡಿಸುವ ಜಾಮರ್ ಬಂತು. ಜಾಮರ್‌ಗೆ ಸಿಗಬಾರದು ಅಂತ ಉಕ್ರೇನ್, ರಷ್ಯಾ ಎರಡೂ ಕಡೆ ಕಿಲೋಮೀಟರ್‌ಗಟ್ಟಲೆ ತೆಳು ಫೈಬರ್ ದಾರ ಬಿಚ್ಚುತ್ತಾ ಹಾರುವ ಡ್ರೋನ್ ಮಾಡಿದ್ದಾರೆ. ಕಂದಕ ಒಂದಿದ್ದದ್ದು ಮೂರಾದ ಹಾಗೇ ಇದೂ.

"ಇದನ್ನ ನಡಸಲಿಕ್ಕ ಎಷ್ಟು ದಿನ ಕಲ್ತಿ?" ಅಂತ ಕೇಳಿದರು ಕಾಕಾ.

"ಒಂದು ವಾರದ ಟ್ರೇನಿಂಗ್ ರೀ. ಸರ್ಟಿಫಿಕೇಟ್ ಅದ."

ಕಾಕಾ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ. ಆಮೇಲೆ ಹುಡುಗನಿಗೆ, "ಕಮಲಾಪುರದ ಕಡೆ ಬರ್ತೀ ಏನು? ನಂದೂ ನಾಲ್ಕು ಎಕರೆ ಅದ, ಹುಳ ಬಿದ್ದಾವ" ಅಂದರು.

"ದೂರ ಆಗ್ತದಲ್ರಿ. ಬಾಜೂ ಹೊಲದವ್ರನ್ನೂ ಕೂಡಿಸ್ರಿ, ಇಪ್ಪತ್ತು ಎಕರೆ ಆದ್ರ ಗುರುವಾರ ಗಾಡಿ ಮಾಡ್ಕೊಂಡು ಬರ್ತೀನಿ."

ಕಾರಿನಲ್ಲಿ ಕೂತ ಮೇಲೆ ಕಾಕಾ ಜೇವರ್ಗಿ ಬರುವವರೆಗೂ ಫೋನಿನಲ್ಲೇ ಇದ್ದರು, ಅಕ್ಕಪಕ್ಕದ ಹೊಲದವರನ್ನು ಒಬ್ಬೊಬ್ಬರನ್ನೇ ಒಪ್ಪಿಸುತ್ತಾ. ಭೀಮಾ ದಾಟುವ ಹೊತ್ತಿಗೆ ಹದಿನೇಳು ಎಕರೆ ಆಗಿತ್ತು.